ಏಳು ಮೂಲೆಯ ಎಂಟಾಣೆ

ಊರಿನಿಂದ ಬರುವ ಹಿರಿಯರಿಗೆ ಮೊದಲ ವಾರ ನಾವು ಹೇಳಿಕೊಡುವ ಪಾಠಗಳಲ್ಲಿ ಚಿಲ್ಲರೆಯ ಪಾಠವೂ ಒಂದು. ಇಂಗ್ಲಿಷ್ ಓದಲು ಬಾರದ ತಾಯಿಯೋ ಅತ್ತೆಯೋ ಯಾರ ಹಂಗೂ ಇಲ್ಲದೆ ಬೀದಿ ಕೊನೆಯ ಅಂಗಡಿಗೆ ಹೋಗಿ ಹಾಲು ತರುವಂತಾದರೆ ಅವರ ಅರ್ಧ ಬೇಸರ ಅಲ್ಲಿಗೇ ಕಳೆಯುತ್ತದೆ. ಈ ಪಾಠವನ್ನು ಐವತ್ತು ಪೆನ್ಸಿನ ನಾಣ್ಯದಿಂದ ಆರಂಭಿಸುವುದು ಲೇಸೆಂದು ನಮ್ಮ ಅಭಿಪ್ರಾಯ. "ಇದು ಇಲ್ಲಿಯ ಎಂಟಾಣೆ" ಎಂದರೆ ಸಾಕು, ಅರ್ಧ ಪೌಂಡೆಂದು ಅವರಿಗೆ ತಟ್ಟನೆ ತಿಳಿಯುತ್ತದೆ. ನಮ್ಮಲ್ಲಿ 1957ರಲ್ಲೇ ಆಣೆ ಹೋದರೂ ಎಂಟಾಣೆ ಎಂಬ ಮಾತು ಹೋಗಲಿಲ್ಲವಷ್ಟೆ!

ಈ ನಾಣ್ಯ ಚಲಾವಣೆಗೆ ಬಂದದ್ದು 1969ರ ಅಕ್ಟೋಬರ್ 14ರಂದು, ಹತ್ತು ಶಿಲ್ಲಿಂಗಿನ ನೋಟಿನ ಬದಲಿಗೆ. ದಶಮಾಂಶ ಪದ್ಧತಿ ಜಾರಿಯಾದದ್ದು ಆಮೇಲೆ, 1971ರ ಫೆಬ್ರವರಿ 15ರಂದು. ಬಾಡಿಗೆ ಕೋಣೆಯ ಗ್ಯಾಸ್ ಮೀಟರಿಗೆ ಇದನ್ನು ಹಾಕಿ ಚಳಿ ಕಾಯಿಸಿಕೊಂಡವರು ನಮ್ಮ ಸದಸ್ಯರಲ್ಲೂ ಇದ್ದಾರೆ. ಆಗ ಅದು 13.5 ಗ್ರಾಂ ತೂಗುತ್ತಿತ್ತು. 1997ರಲ್ಲಿ ಇಳಿಸಿ 8 ಗ್ರಾಂ ಮಾಡಿದರು.

ಏಳು ಮೂಲೆ ಏಕೆ? ಕತ್ತಲಲ್ಲೂ ಬೆರಳಿಗೆ ಗುರುತು ಸಿಗಬೇಕು, ಆದರೆ ಯಂತ್ರದ ಸೀಳಿನಲ್ಲಿ ಸಿಕ್ಕಿಕೊಳ್ಳಬಾರದು. ನಮ್ಮ ಹಳೆಯ ಚೌಕದ ಐದು ಪೈಸೆಯನ್ನು ನೆನೆಯಿರಿ. ಬೆರಳಿಗೆ ಗುರುತು ಸಿಗುತ್ತಿತ್ತು, ಆದರೆ ಮೂಲೆಯಿಂದ ಮೂಲೆಗೆ ಒಂದು ಅಳತೆ, ಬದಿಯಿಂದ ಬದಿಗೆ ಇನ್ನೊಂದು. ಇಲ್ಲಿ ಹಾಗಲ್ಲ. ಬದಿಗಳು ನೆಟ್ಟಗಿಲ್ಲ, ತುಸು ಹೊರಕ್ಕೆ ಬಾಗಿವೆ. ಅಂಗಳದಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ ವೃತ್ತ ಬರೆದ ನೆನಪಿದೆಯೇ? ಒಂದು ಮೂಲೆಯೇ ಗೂಟವೆಂದುಕೊಳ್ಳಿ. ಅದರ ಎದುರಿನ ಬದಿ ಆ ಹಗ್ಗ ಬರೆದ ಗೆರೆ. ಹೀಗೆ ಏಳು ಗೂಟ, ಏಳು ಗೆರೆ. ಆದ್ದರಿಂದ ಹೇಗೆ ತಿರುಗಿಸಿ ಅಳೆದರೂ ಅಗಲ ಒಂದೇ, ಈಗಿನದು 27.3 ಮಿಲಿಮೀಟರು. ಮೂಲೆಗಳ ಸಂಖ್ಯೆ ಬೆಸವಾಗಿರಲೇಬೇಕು. ಸಮವಾದರೆ ಮೂಲೆಯೆದುರಿಗೆ ಮೂಲೆಯೇ ಬಂದು ಉಪಾಯ ಕೆಡುತ್ತದೆ. ಮಕ್ಕಳಿಗೆ ನಂಬಿಕೆ ಬಾರದಿದ್ದರೆ ಎರಡು ಅಳತೆಪಟ್ಟಿಗಳ ನಡುವೆ ನಾಣ್ಯವನ್ನು ಉರುಳಿಸಿ ತೋರಿಸಿ. ಮೇಲಿನ ಪಟ್ಟಿ ಏಳದು, ಬೀಳದು.

1982ರಲ್ಲಿ ಬಂದ ಇಪ್ಪತ್ತು ಪೆನ್ಸಿಗೂ ಇದೇ ಆಕಾರ, ಗಾತ್ರ ಮಾತ್ರ ಚಿಕ್ಕದು. ಎರಡನ್ನೂ ಅಂಗೈಯಲ್ಲಿಟ್ಟು ಒಂದೆರಡು ಸಲ ತೂಗಿ ನೋಡಿಸಿ.

ಒಂದು ತಕರಾರು ನಮ್ಮದು. 2008ರಲ್ಲಿ ಮ್ಯಾಥ್ಯೂ ಡೆಂಟ್ ರಚಿಸಿದ ಹೊಸ ನಾಣ್ಯಗಳಲ್ಲಿ ಗುರಾಣಿಯ ಚೂರುಗಳಿದ್ದವು, ಅಂದವೂ ಇತ್ತು. ಅಂಕಿ ಮಾತ್ರ ಇರಲಿಲ್ಲ! ಬೆಲೆ ಇಂಗ್ಲಿಷ್ ಅಕ್ಷರಗಳಲ್ಲಷ್ಟೇ. ಓದಲು ಬಾರದವರಿಗೆ ಆಕಾರವೇ ಗತಿ. ಚಾರ್ಲ್ಸ್ ದೊರೆಯ ಮುಖವಿರುವ, ಸಾಲ್ಮನ್ ಮೀನಿನ 2023ರ ನಾಣ್ಯದಲ್ಲಿ ದಪ್ಪ ಅಂಕಿ ಮರಳಿ ಬಂದಿದೆ. ಹಳೆಯವೂ ಜೇಬುಗಳಲ್ಲಿ ಓಡಾಡುತ್ತಲೇ ಇವೆ.

ಅಂಕಿ ಬಂದಿತೆಂದು ಹಿಗ್ಗುವಷ್ಟರಲ್ಲಿ ಕೆಲವು ಅಂಗಡಿಗಳ ಬಾಗಿಲಲ್ಲಿ "ಕಾರ್ಡು ಮಾತ್ರ" ಎಂಬ ಫಲಕ ತೂಗುತ್ತಿದೆ. ಅಲ್ಲಿ ನಮ್ಮ ಹಿರಿಯರು ಕಲಿತ ಪಾಠ ನಡೆಯದು. ಅವರನ್ನು ಕಳುಹಿಸುವ ಮುನ್ನ, ಚಿಲ್ಲರೆ ತೆಗೆದುಕೊಳ್ಳುವ ಅಂಗಡಿ ಯಾವುದೆಂದು ನೋಡಿಟ್ಟುಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಹನ್ನೆರಡು ಮೂಲೆಯ ಪೌಂಡು.