ಸೌದೆ ಬೇಡದ ಹಂಡೆ



ನಮ್ಮ ಬಚ್ಚಲುಮನೆಯ ಗೋಡೆಗೆ ನೇತುಹಾಕಿರುವ ಗೀಸರ್ ಇದೆಯಲ್ಲ, ಅದಕ್ಕೆ ಆ ಹೆಸರು ಎಲ್ಲಿಂದ ಬಂತು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ. ಕರೆಂಟು ಕೈಕೊಟ್ಟಾಗ ಅದನ್ನು ಬೈದದ್ದುಂಟು, ಅಷ್ಟೇ. 2025ರ ಮೇ ತಿಂಗಳಲ್ಲಿ ಆ ಹೆಸರಿನ ತವರೂರನ್ನೇ ನೋಡಿ ಬಂದೆ. ಆ ಕಥೆ ಹೇಳುತ್ತೇನೆ. ಇನ್ನೊಂದು ಮಾತೂ ಇದೆ. ಸಾರು ಸಂಡಿಗೆಯಿಂದ ಹಿಡಿದು ಮಕ್ಕಳ ಕೆಮ್ಮಿನವರೆಗೆ ಎಲ್ಲವನ್ನೂ ಈ ಪುಟದಲ್ಲಿ ನಿಮ್ಮ ಹತ್ತಿರ ಹೇಳಿಕೊಂಡವಳು ಒಂದನ್ನು ಮಾತ್ರ ಮುಚ್ಚಿಟ್ಟಿದ್ದೆ. ಅದನ್ನೂ ಇವತ್ತು ಹೇಳಿಬಿಡುತ್ತೇನೆ.

ಮಗ, ಸೊಸೆ ಇರುವುದು ಹಾಲೆಂಡಿನಲ್ಲಿ. ಎರಡು ತಿಂಗಳ ಮಟ್ಟಿಗೆ ನಾನು ಅಲ್ಲಿಗೆ ಹೋಗಿದ್ದೆ. (ನಮ್ಮವರು ತೋಟದ ನೆಪ ಹೇಳಿ ಊರಲ್ಲೇ ಉಳಿದರು, ನಿಜವಾದ ಕಾರಣ ವಿಮಾನದ ಭಯ!) ಮಗನಿಗೆ ಆಫೀಸಿನ ಕೆಲಸದ ಮೇಲೆ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯವೀಕ್‌ಗೆ ಹೋಗುವುದಿತ್ತು. "ನೀವಿಬ್ಬರೂ ಬನ್ನಿ" ಎಂದು ಹೊರಡಿಸಿದ. ಅಲ್ಲಿಗೆ ಹೋದ ಮೇಲೆ ನೋಡಿದರೆ ಅವನಿಗೆ ಬೆಳಗಿನಿಂದ ಸಂಜೆತನಕ ಮೀಟಿಂಗು. ಒಂದು ದಿನದ ಬಸ್ ಪ್ರವಾಸಕ್ಕೆ ಎರಡು ಟಿಕೆಟ್ ತೆಗೆದು ನಮ್ಮ ಕೈಗಿಟ್ಟು ಹೋದ.

ಅತ್ತೆ ಸೊಸೆ ಇಬ್ಬರೇ, ಇಡೀ ದಿನ! ನಮ್ಮಿಬ್ಬರಲ್ಲಿ ಜಗಳವಿರಲಿಲ್ಲ. ಸಲಿಗೆಯೂ ಇರಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ "ಊಟ ಆಯ್ತಾ ಅತ್ತೆ?" "ಆಯ್ತಮ್ಮ, ನಿಮ್ಮದು?" ಇಷ್ಟರಲ್ಲೇ ನಮ್ಮ ಫೋನು ಮುಗಿಯುತ್ತಿತ್ತು. ಹೊರಡುವಾಗ ಅವಳು ಒಂದು ಪೊಟ್ಟಣ ತೋರಿಸಿದಳು. "ಕೊನೇಲಿ ಬಿಸಿನೀರ ಬುಗ್ಗೆ ಸ್ನಾನ ಇದೆ ಅತ್ತೆ. ನಿಮಗೂ ನೀರಿಗಿಳಿಯೋ ಬಟ್ಟೆ ತಂದಿದ್ದೀನಿ."

"ನನಗೆ ಬೇಡಮ್ಮ. ನಾನು ದಡದಲ್ಲಿ ಚೀಲ ಕಾಯ್ತೀನಿ" ಅಂದೆ.

ಅವಳು ಒತ್ತಾಯ ಮಾಡಲಿಲ್ಲ. ಪೊಟ್ಟಣವನ್ನು ಚೀಲದ ತಳಕ್ಕೆ ತುರುಕಿ ಜಿಪ್ ಎಳೆದಳು.

ಐಸ್‌ಲ್ಯಾಂಡ್ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಜನ ಮಾತ್ರ ಸುಮಾರು ನಾಲ್ಕು ಲಕ್ಷ. ಹೆಸರಲ್ಲಿ ಮಂಜುಗಡ್ಡೆ, ಹೊಟ್ಟೆಯಲ್ಲಿ ಬೆಂಕಿ! ಮೂವತ್ತರಷ್ಟು ಜೀವಂತ ಜ್ವಾಲಾಮುಖಿ ವ್ಯವಸ್ಥೆಗಳು ಅಲ್ಲಿವೆ. ಹೋದ ದಿನ ಹೋಟೆಲಿನಲ್ಲಿ ಬಿಸಿನೀರ ನಲ್ಲಿ ತಿರುಗಿಸಿದರೆ ಕೊಳೆತ ಮೊಟ್ಟೆಯ ವಾಸನೆ. ಮೋರಿ ಕಟ್ಟಿರಬೇಕು ಅಂದುಕೊಂಡೆ. ಅದು ಗಂಧಕದ ವಾಸನೆಯಂತೆ, ನೀರು ನೇರ ಭೂಮಿಯೊಳಗಿಂದ ಕಾದು ಬರುತ್ತದಂತೆ. ಆ ದೇಶದ ನೂರಕ್ಕೆ ತೊಂಬತ್ತು ಮನೆಗಳು ಬೆಚ್ಚಗಿರುವುದು ಇಂಥ ನೆಲದ ಶಾಖದಿಂದಲೇ. ಸೌದೆಯಿಲ್ಲ, ಹೊಗೆಯಿಲ್ಲ, ಊದುಕೊಳವೆಯಿಲ್ಲ. ಹಂಡೆ ಒಲೆ ಉರಿಸಿ ಕಣ್ಣು ಕೆಂಪು ಮಾಡಿಕೊಂಡು ಬೆಳೆದ ನನಗೆ ಹೊಟ್ಟೆಯುರಿಯಿತು ಅಂದರೆ ತಪ್ಪು ತಿಳಿಯಬೇಡಿ.

ಬಸ್ಸು ಚಿಕ್ಕದು. ಓಡಿಸುವವಳೂ ವಿವರಿಸುವವಳೂ ಒಬ್ಬಳೇ ಹೆಂಗಸು, ಹೆಚ್ಚು ಕಡಿಮೆ ನನ್ನ ವಯಸ್ಸಿನವಳು. ಊರು ದಾಟುವ ಮೊದಲೇ ಒಂದು ಕಡೆ ಕೈ ತೋರಿಸಿದಳು. ಅಲ್ಲಿ ಹಿಂದೆ ಬಿಸಿನೀರ ಒರತೆಗಳಿದ್ದವಂತೆ. ರೇಕ್ಯವೀಕ್‌ನ ಹೆಂಗಸರು ಬಟ್ಟೆಗಂಟು, ಬಕೆಟ್ಟು, ಸೋಪು ಎಲ್ಲ ಹೊತ್ತು ಮೂರು ಕಿಲೋಮೀಟರು ನಡೆದು ಬಂದು ಅಲ್ಲಿ ಒಗೆಯುತ್ತಿದ್ದರು. ಹಿಮದಲ್ಲೂ, ಗಾಳಿಯಲ್ಲೂ. ಹಿಂದಿರುಗುವಾಗ ಒದ್ದೆ ಬಟ್ಟೆಯ ಭಾರ ಎಷ್ಟೆಂದು ನಿಮಗೆ ಹೇಳಬೇಕಾಗಿಲ್ಲ. ಕಾಲುಜಾರಿ ಕುದಿನೀರಿಗೆ ಬಿದ್ದು ಸತ್ತವರೂ ಇದ್ದಾರೆ. ಆಮೇಲೆ ಕಾಲುವೆಯ ಮೇಲೆ ಕಬ್ಬಿಣದ ಕಂಬಿಗಳನ್ನು ಬಾಗಿಸಿ ಕೂರಿಸಿದರು. 1930ರಲ್ಲಿ ಅಲ್ಲಿಂದಲೇ ಕೊಳವೆ ಹಾಕಿ ಒಂದು ಶಾಲೆಗೆ, ಕೆಲವು ಮನೆಗಳಿಗೆ ಬಿಸಿನೀರು ಒಯ್ದರು. ಹೆಂಗಸರ ತಲೆಯ ಮೇಲಿನ ಗಂಟು ಮೊದಲು, ಕೊಳವೆ ಆಮೇಲೆ. ಎಲ್ಲ ಊರಲ್ಲೂ ಹೀಗೇ ನೋಡಿ.

ಮುಂದೆ ದಾರಿಯುದ್ದಕ್ಕೂ ಕರಿ ಕಲ್ಲಿನ ಬಯಲು. ಉಕ್ಕಿ ಹರಿದ ಲಾವಾ ಹಾಗೇ ಹೆಪ್ಪುಗಟ್ಟಿದೆ, ಮೇಲೆ ಪಾಚಿ ದಪ್ಪ ಕಂಬಳಿಯ ಹಾಗೆ ಬೆಳೆದಿದೆ. ಅದರ ಮೇಲೆ ಕಾಲಿಡಬೇಡಿ, ಒಮ್ಮೆ ಕಿತ್ತರೆ ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು ಎಂದು ಎಚ್ಚರಿಕೆ. "ಇದೆಲ್ಲ ಹಳೇ ಕಥೆ ಅಂದುಕೊಳ್ಳಬೇಡಿ" ಅಂದಳು ಆಕೆ. ಸಮುದ್ರದ ದಂಡೆಯ ಗ್ರಿಂಡವೀಕ್ ಎಂಬ ಊರಿನಲ್ಲಿ 2023ರ ನವೆಂಬರ್ 10ರ ರಾತ್ರಿ ಭೂಮಿ ನಡುಗಿ, ಸುಮಾರು 3,800 ಜನ ಮನೆ ಬಿಟ್ಟು ಹೊರಟರು. 2024ರ ಜನವರಿಯಲ್ಲಿ ಲಾವಾ ಊರಿನ ಅಂಚಿಗೇ ಬಂದು ಮೂರು ಮನೆ ಸುಟ್ಟಿತು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಅವಸರದಲ್ಲಿ ಹೊರಟಾಗ ಒಲೆಯ ಮೇಲೆ ಏನಿತ್ತೋ ಎಂದು ನನಗೆ ಅನ್ನಿಸಿತು. ಸೊಸೆಗೂ ಅದೇ ಯೋಚನೆ ಬಂದಿರಬೇಕು; "ಫ್ರಿಜ್ಜಲ್ಲಿ ಹಾಲು ಹಾಗೇ ಇರುತ್ತೆ ಅಲ್ವಾ ಅತ್ತೆ" ಅಂದಳು.

ಮೊದಲು ಇಳಿದದ್ದು ಥಿಂಗ್‌ವೆಟ್ಲಿರ್‌ನಲ್ಲಿ. ಅಮೆರಿಕದ ಕಡೆಯ ಭೂಫಲಕ, ಯೂರೋಪಿನ ಕಡೆಯ ಭೂಫಲಕ ಇಲ್ಲಿ ವರ್ಷಕ್ಕೆ ಎರಡು ಸೆಂಟಿಮೀಟರಿನಷ್ಟು ದೂರ ಸರಿಯುತ್ತಿವೆ. ಮಧ್ಯೆ ಬಿರುಕು ಬಿಟ್ಟ ಕಂದರದಲ್ಲಿ ನಾವು ಸಲೀಸಾಗಿ ನಡೆದು ಹೋದೆವು. ಕ್ರಿ.ಶ. 930ರಿಂದ ದೇಶದ ಮಹಾಸಭೆ ಸೇರುತ್ತಿದ್ದದ್ದು ಇಲ್ಲಿ. ಎಲ್ಲರೂ ಆ ಹೆಮ್ಮೆಯ ಜಾಗದ ಫೋಟೋ ತೆಗೆಯುತ್ತಿದ್ದರು. ನನ್ನ ಕಾಲು ಸೇತುವೆಯ ಹತ್ತಿರದ ಒಂದು ಮಡುವಿನ ಬಳಿ ನಿಂತುಬಿಟ್ಟಿತು. ತಿಳಿನೀರು, ನೋಡಲು ಚೆಂದ. ಹೆಸರು ಮಾತ್ರ 'ಮುಳುಗಿಸುವ ಮಡು'. ಹಾದರ ಮಾಡಿದಳು, ನಂಟಿನ ಕಟ್ಟು ಮೀರಿ ಬಸಿರಾದಳು, ಹುಟ್ಟಿದ ಕೂಸನ್ನು ಕೊಂದಳು ಎಂಬ ತಪ್ಪು ಹೊರಿಸಿ ಹೆಂಗಸರನ್ನು ಚೀಲದಲ್ಲಿ ಕಟ್ಟಿ ಇಲ್ಲಿ ಮುಳುಗಿಸುತ್ತಿದ್ದರು. ಹದಿನೆಂಟು ಜನ ಎಂದು ಲೆಕ್ಕ. ಗಂಡಸರಿಗೆ ತಲೆ ಕಡಿಯುವ ಶಿಕ್ಷೆ, ಅದೇನೂ ಕರುಣೆಯಲ್ಲ ಬಿಡಿ. ಆದರೂ ಆ ಚೀಲ ನನ್ನ ಕಣ್ಣಿಗೆ ಕಟ್ಟಿತು. ಸೊಸೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಹೊರಡುವಾಗ ಯಾಕೋ ನನ್ನ ಕೈ ಹಿಡಿದುಕೊಂಡಳು. ಕಲ್ಲು ಜಾರುತ್ತೆ ಅಂತ ಇರಬೇಕು.

ಮಧ್ಯಾಹ್ನದ ಹೊತ್ತಿಗೆ ಲೌಗರ್‌ವಾತ್ನ್ ಎಂಬ ಕೆರೆಯ ದಡ. ಇಲ್ಲಿನದು ನಮ್ಮ ಖಾತೆಯ ವಿಷಯ. ಕೆರೆಯ ಪಕ್ಕದ ಕರಿ ಮರಳಿನ ಕೆಳಗೆ ನೀರು ಕುದಿಯುತ್ತದೆ. ರೈ ಹಿಟ್ಟು, ಒಂದಿಷ್ಟು ಗೋಧಿ ಹಿಟ್ಟು, ಸಕ್ಕರೆ, ಹಾಲು ಕಲಸಿ ಪಾತ್ರೆಗೆ ಹಾಕಿ, ಬಾಯಿ ಬಿಗಿಯಾಗಿ ಸುತ್ತಿ, ಮರಳಿನಲ್ಲಿ ಹೂತು ಇಪ್ಪತ್ತನಾಲ್ಕು ಗಂಟೆ ಬಿಡುತ್ತಾರೆ. ಗುರುತಿಗೆ ಮೇಲೊಂದು ಕಲ್ಲು. ನಾವು ನೋಡುತ್ತಿದ್ದಂತೆ ಒಬ್ಬ ಗುದ್ದಲಿಯಿಂದ ಮರಳು ಸರಿಸಿ, ಹಬೆಯಾಡುವ ಪಾತ್ರೆ ತೆಗೆದ. ಒಳಗೆ ಕಂದು ಬಣ್ಣದ, ಕೇಕಿನಂಥ ಸಿಹಿ ರೊಟ್ಟಿ. ಬೆಣ್ಣೆ ಹಚ್ಚಿ ಕೊಟ್ಟರು. ರುಚಿ ನಮ್ಮ ಬೆಲ್ಲದ ಕಡುಬಿನ ಅಕ್ಕನ ಹಾಗಿತ್ತು! ಊರಿಗೆ ಬಂದು ಗೋಧಿ ಹಿಟ್ಟಿಗೆ ಬೆಲ್ಲ ಹಾಕಿ ಇಡ್ಲಿ ಪಾತ್ರೆಯಲ್ಲಿ ಮೂರು ಗಂಟೆ ಬೇಯಿಸಿ ನೋಡಿದೆ. ಅಳತೆ ಕೇಳಬೇಡಿ, ತಿಂದವಳು ನಾನೊಬ್ಬಳೇ.

ಅಲ್ಲಿಂದ ಗೇಸಿರ್. ಇದೇ ನಮ್ಮ ಗೀಸರಿನ ತವರು. ಈ ಬುಗ್ಗೆಯ ಹೆಸರೇ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಬಚ್ಚಲಿಗೆ ಬಂದಿದೆ. ಹಳೆಯ ಗೇಸಿರ್ ಈಗ ಹೆಚ್ಚಾಗಿ ಮಲಗಿಯೇ ಇರುತ್ತದೆ. ಹಿಂದೆ ಅದನ್ನು ಚಿಮ್ಮಿಸಲು ಸೋಪು ಹಾಕುತ್ತಿದ್ದರಂತೆ, ಈಗ ನಿಲ್ಲಿಸಿದ್ದಾರೆ. ಪಕ್ಕದ ಸ್ಟ್ರೊಕ್ಕೂರ್ ಮಾತ್ರ ಐದು ಹತ್ತು ನಿಮಿಷಕ್ಕೊಮ್ಮೆ ಹದಿನೈದು ಇಪ್ಪತ್ತು ಮೀಟರು ಮೇಲೆ ಚಿಮ್ಮುತ್ತದೆ. ನಮ್ಮ ಪ್ರೆಷರ್ ಕುಕ್ಕರಿನ ಲೆಕ್ಕವೇ. ಆಳದ ಕೊಳವೆಯಲ್ಲಿ ಮೇಲಿನ ನೀರಿನ ಭಾರಕ್ಕೆ ಅಡಿಯ ನೀರು ನೂರು ಡಿಗ್ರಿ ಮೀರಿದರೂ ಕುದಿಯಲಾರದೆ ತಡೆದುಕೊಂಡಿರುತ್ತದೆ. ಒಂದಿಷ್ಟು ಹಬೆ ಮೇಲಕ್ಕೆ ನುಗ್ಗಿ ಭಾರ ಕಡಿಮೆಯಾಯಿತೋ, ಉಳಿದದ್ದೆಲ್ಲ ಒಟ್ಟಿಗೇ ಹಬೆಯಾಗಿ ಮೇಲೇಳುತ್ತದೆ. ಚಿಮ್ಮುವ ಮುಂಚೆ ನೀರು ನೀಲಿ ಗುಮ್ಮಟದ ಹಾಗೆ ಉಬ್ಬುತ್ತದೆ, ಒಂದೇ ಕ್ಷಣ. ಅದನ್ನು ನೋಡಲು ನಾಲ್ಕು ಸಲ ನಿಂತೆವು.

ಗುಲ್‌ಫಾಸ್ ಜಲಪಾತ ಎರಡು ಮೆಟ್ಟಿಲಾಗಿ 32 ಮೀಟರು ಧುಮುಕುತ್ತದೆ. ಜೋಗ ನೋಡಿದವರಿಗೆ ಎತ್ತರ ದೊಡ್ಡದೇನಲ್ಲ. ಆದರೆ ಅಲ್ಲೊಂದು ಕಲ್ಲಿನಲ್ಲಿ ಒಬ್ಬ ಹೆಂಗಸಿನ ಮುಖ ಕೆತ್ತಿದ್ದಾರೆ. ಸಿಗ್ರಿದೂರ್ ತೋಮಸ್‌ದೋತ್ತಿರ್, ಪಕ್ಕದ ಜಮೀನಿನ ರೈತನ ಮಗಳು. ಕಳೆದ ಶತಮಾನದ ಮೊದಲಲ್ಲಿ ಪರದೇಶದವರು ಜಲಪಾತವನ್ನು ಗುತ್ತಿಗೆಗೆ ಹಿಡಿದು ವಿದ್ಯುತ್ತಿಗೆ ಕಟ್ಟೆ ಕಟ್ಟಲು ಹೊರಟಾಗ ಈಕೆ ರಾಜಧಾನಿಗೆ ಕಾಲ್ನಡಿಗೆಯಲ್ಲಿ ಹೋಗಿ ವ್ಯಾಜ್ಯ ಹೂಡಿದಳು. ಕಟ್ಟೆ ಕಟ್ಟಿದರೆ ಇದೇ ನೀರಿಗೆ ಹಾರುತ್ತೇನೆ ಎಂದಳೆಂದು ಜನ ಹೇಳುತ್ತಾರೆ. ಕೋರ್ಟಿನಲ್ಲಿ ಸೋತಳು. ಆದರೆ ಬಾಡಿಗೆ ಕಟ್ಟದೆ ಗುತ್ತಿಗೆ ಬಿದ್ದುಹೋಯಿತು, ಕಟ್ಟೆ ಏಳಲೇ ಇಲ್ಲ. ಅವಳಿಗೆ ವಕೀಲನಾಗಿದ್ದ ಸ್ವೇನ್ ಬ್ಯೋರ್ನ್‌ಸನ್ 1944ರಲ್ಲಿ ದೇಶದ ಮೊದಲ ರಾಷ್ಟ್ರಪತಿಯಾದ.

ಕೊನೆಗೆ ಫ್ಲೂದಿರ್ ಎಂಬ ಹಳ್ಳಿ. ನೆಲದ ಶಾಖದಲ್ಲೇ ಗಾಜಿನ ಮನೆಯೊಳಗೆ ಟೊಮೇಟೊ ಬೆಳೆಯುತ್ತಾರೆ. ಇಲ್ಲಿನ ಸ್ನಾನದ ಕೊಳ 1891ರದು, ನೀರು 38ರಿಂದ 40 ಡಿಗ್ರಿ. ನಮ್ಮ ದೀಪಾವಳಿ ಎಣ್ಣೆಸ್ನಾನದ ಹದ. (ಪುತ್ತೂರಿನ ಕಡೆಯ ಬೆಂದ್ರುತೀರ್ಥ ಕಂಡವರು ಹೋಲಿಸಬಹುದು; ಅದಕ್ಕೆ ಜ್ವಾಲಾಮುಖಿಯ ಒಲೆ ಇಲ್ಲ.) ಆದರೆ ಅಲ್ಲಿನ ಕಟ್ಟುನಿಟ್ಟು ಕೇಳಿ. ಕೊಳಕ್ಕಿಳಿಯುವ ಮುನ್ನ ಪ್ರತಿಯೊಬ್ಬರೂ ಬಟ್ಟೆ ಪೂರ್ತಿ ತೆಗೆದು, ಸೋಪು ಹಚ್ಚಿ ಸ್ನಾನ ಮಾಡಲೇಬೇಕು. ಹೆಂಗಸರಿಗೆ ಬೇರೆ ಕೋಣೆ, ನಿಜ. ಆದರೂ!

ಈಗ ನಾನು ಮುಚ್ಚಿಟ್ಟಿದ್ದ ಮಾತು. 2019ರಲ್ಲಿ ಕ್ಯಾನ್ಸರ್ ಆಗಿ ನನ್ನ ಎಡ ಸ್ತನವನ್ನು ತೆಗೆದರು. ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿದ್ದು ಅದಕ್ಕೂ ಎಂಟು ತಿಂಗಳ ಹಿಂದೆ. ನೋವಿರಲಿಲ್ಲ, ನಾಚಿಕೆಯಿತ್ತು. ಯಾರಿಗೂ ಹೇಳಲಿಲ್ಲ. "ಇನ್ನೂ ಮೊದಲೇ ಬರಬೇಕಿತ್ತು" ಅಂತ ಡಾಕ್ಟರು ಅಂದದ್ದು ಈಗಲೂ ಕಿವಿಯಲ್ಲಿದೆ. ನೀವು ನನ್ನ ಹಾಗೆ ಮಾಡಬೇಡಿ. ಗಂಟು ಸಿಕ್ಕಿದ ವಾರದಲ್ಲೇ ತೋರಿಸಿ, ನೋವಿಲ್ಲದಿದ್ದರೂ. ಆಮೇಲೆ ನಮ್ಮವರಿಗೆ, ಮಗನಿಗೆ ಬಿಟ್ಟರೆ ಯಾರಿಗೂ ತಿಳಿಯಕೂಡದು ಎಂದು ಆಣೆ ಹಾಕಿಸಿದ್ದೆ. ನೆಂಟರ ಮನೆಯಲ್ಲಿ ರಾತ್ರಿ ಉಳಿಯುವುದನ್ನೇ ಬಿಟ್ಟಿದ್ದೆ.

ಆ ಕೋಣೆಯ ಬಾಗಿಲಲ್ಲಿ ಚೀಲ ಹಿಡಿದು ನಿಂತೆ. ಒಳಗೆ ಅಜ್ಜಿಯರು, ಬಸುರಿಯರು, ದಪ್ಪದವರು, ಹೊಟ್ಟೆಯ ಮೇಲೆ ಸಿಸೇರಿಯನ್ ಗೆರೆಯವರು. ಹರಟುತ್ತಾ ಮೈ ಉಜ್ಜಿಕೊಳ್ಳುತ್ತಿದ್ದಾರೆ. ಯಾರೂ ಯಾರನ್ನೂ ನೋಡುತ್ತಿಲ್ಲ. ಸೊಸೆ ಪೊಟ್ಟಣ ಬಿಚ್ಚಿ ನನ್ನ ಕೈಗೆ ಕೊಟ್ಟಳು. ತುಂಬುತೋಳಿನ ಕರಿ ಉಡುಪು. ಒಳಗೆ ಕೈಹಾಕಿದರೆ ಎದೆಯ ಎಡಬದಿಗೆ ಒಂದು ಜೇಬು, ಜೇಬಿನಲ್ಲಿ ಮೆತ್ತೆ. ಅಂಗಡಿಯ ಹೊಲಿಗೆಯಲ್ಲ. ಕೈಹೊಲಿಗೆ, ದಾರ ಸ್ವಲ್ಪ ಸೊಟ್ಟ.

"ಯಾವಾಗಿಂದ ಗೊತ್ತು ನಿನಗೆ?"

"ಮದುವೆಗೆ ಮುಂಚೆನೇ ಹೇಳಿದ್ರು ಅತ್ತೆ. ನೀವೇ ಹೇಳೋವರೆಗೂ ಸುಮ್ಮನಿರು ಅಂದಿದ್ರು."

ನಾಲ್ಕು ವರ್ಷ! ಅಂದರೆ ಕಳೆದ ಸಲ ಬಂದಾಗ ಮೇಲಿನ ಅಟ್ಟದ ಡಬ್ಬಿಗಳನ್ನೆಲ್ಲ ತಾನೇ ಹತ್ತಿ ಇಳಿಸಿಕೊಟ್ಟದ್ದು ಅದಕ್ಕೆ. ನನ್ನ ಅಡುಗೆಮನೆಯಲ್ಲಿ ಯಜಮಾನಿಕೆ ಮಾಡ್ತಾಳೆ ಅಂತ ನಾನು ಮುಖ ಗಂಟು ಹಾಕಿಕೊಂಡಿದ್ದೆ.

ಅವಳು ಟವೆಲ್ ಅಗಲ ಮಾಡಿ ಹಿಡಿದು, ಮುಖ ಆಚೆ ತಿರುಗಿಸಿ ನಿಂತಳು. ಅರ್ಧ ಸ್ನಾನ ಆದ ಮೇಲೆ ನಾನೇ ಅಂದೆ, "ಇಳಿಸಮ್ಮ, ನಿನ್ನ ಕೈ ನೋಯುತ್ತೆ. ಬೆನ್ನು ಸ್ವಲ್ಪ ಉಜ್ಜು."

ನೀರಿಗಿಳಿದೆವು. ಕಂಕುಳ ಗ್ರಂಥಿಗಳನ್ನೂ ತೆಗೆದಿರುವುದರಿಂದ ಆ ಕೈಯನ್ನು ಬಿಸಿನೀರಲ್ಲಿ ಬಹಳ ಹೊತ್ತು ಇಡಬೇಡಿ, ಬಾವು ಬಂದೀತು ಎಂದು ಡಾಕ್ಟರು ಹೇಳಿದ್ದಾರೆ. (ನನ್ನಂಥವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ.) ಹಾಗಾಗಿ ಎಡಗೈಯನ್ನು ದಡದ ಕಲ್ಲಿನ ಮೇಲಿಟ್ಟು, ಬಿಸಿ ಕಡಿಮೆಯಿರುವ ಮೂಲೆಯಲ್ಲಿ ಹತ್ತೇ ನಿಮಿಷ ಕೂತೆ. ತಣ್ಣನೆ ಗಾಳಿ, ಕತ್ತಿನವರೆಗೆ ಬಿಸಿನೀರು. ಪಕ್ಕದಲ್ಲೇ ಒಂದು ಪುಟ್ಟ ಬುಗ್ಗೆ ಆಗಾಗ ಪುಸ್ ಅಂತ ಚಿಮ್ಮುತ್ತಿತ್ತು. ಮೇಲೆದ್ದು ಬಂದು ದಡದಲ್ಲಿ ಟವೆಲ್ ಹೊದ್ದು ಕೂತು, ಅವಳು ಈಜುವುದನ್ನು ನೋಡಿದೆ. ಇವಳಿಗೆ ಈಜು ಬರುತ್ತದೆಂದೇ ನನಗೆ ತಿಳಿದಿರಲಿಲ್ಲ.

ರಾತ್ರಿ ಹತ್ತಾದರೂ ಹೊರಗೆ ಬೆಳಕು. ಮಗ "ಹೇಗಿತ್ತಮ್ಮ?" ಅಂದ. "ನೀರು ಚೆನ್ನಾಗಿ ಕಾದಿತ್ತು" ಅಂದೆ. ಸೊಸೆ ಬಟ್ಟೆ ಹಿಂಡುತ್ತಾ ನಕ್ಕಳು.

ಅಂದ ಹಾಗೆ, ಅಂಥ ನೀರಿಗೆ ಇಳಿಯುವ ಮುನ್ನ ಬೆಳ್ಳಿ ಒಡವೆ ತೆಗೆದಿಡಿ. ಗಂಧಕಕ್ಕೆ ನನ್ನ ಕಾಲುಂಗುರ ಕಪ್ಪಗಾಗಿತ್ತು. ವಿಭೂತಿ ಹಾಕಿ ತಿಕ್ಕಿದ್ದೇನೆ. ಸಂದಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ.