ಬೆಂಗಳೂರು ಪೇಟೆಯ ಹೆಸರುಗಳು

ಮನೆಯ ಮದುವೆಯೊಂದರ ಜವಳಿಗಾಗಿ ನಾವು ಈಚೆಗೆ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿದ್ದೆವು. ಅಲ್ಲಿಂದ ಬಳೇಪೇಟೆಯನ್ನು ಹಾಯ್ದು ಬರುವಾಗ ಜೊತೆಯಲ್ಲಿದ್ದ ಬಾಲಕನು, “ಇಲ್ಲಿ ತಬಲ, ವೀಣೆಗಳನ್ನು ಮಾರುತ್ತಿರುವರಲ್ಲ, ಬಳೆಗಳೆಲ್ಲಿ?” ಎಂದು ಕೇಳಿದನು. ಪ್ರಶ್ನೆಯು ಚಿಕ್ಕದು, ಉತ್ತರಕ್ಕೆ ಮಾತ್ರ ಐದು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕು.

1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆಯೊಳಗೆ ಈ ಪೇಟೆಯನ್ನು ಕಟ್ಟಿಸಿದರು. ನಾಲ್ಕು ನೇಗಿಲುಗಳು ನಾಲ್ಕು ದಿಕ್ಕಿಗೆ ಹೊರಟು ಬೀದಿಗಳ ಗೆರೆಯನ್ನೆಳೆದುವೆಂದು ಪ್ರತೀತಿ. ದಕ್ಷಿಣೋತ್ತರವಾಗಿ ದೊಡ್ಡಪೇಟೆ, ಪೂರ್ವಪಶ್ಚಿಮವಾಗಿ ಚಿಕ್ಕಪೇಟೆ. ಇವುಗಳ ಸುತ್ತ ಒಂದೊಂದು ಕಸುಬಿಗೆ ಒಂದೊಂದು ಕೇರಿ. ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಮಡಕೆ ಮಾಡುವವರಿಗೆ ಕುಂಬಾರಪೇಟೆ, ವರ್ತಕರಾದ ನಗರ್ತರಿಗೆ ನಗರ್ತಪೇಟೆ, ತೋಟಗಾರರಾದ ತಿಗಳರಿಗೆ ತಿಗಳರಪೇಟೆ. ಹೆಸರೇ ಅಂಗಡಿಯ ಫಲಕವಾಗಿದ್ದ ಕಾಲವದು.

ಊರಿನ ಸುತ್ತ ಕಂದಕವೂ ಮುಳ್ಳಿನ ಬೇಲಿಯೂ ಇದ್ದುವು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯವು ಬಾಗಿಲನ್ನೊಡೆದು ಪೇಟೆಯನ್ನು ಹಿಡಿಯಿತು. ಎರಡು ವಾರಗಳೊಳಗೆ, 21ರ ರಾತ್ರಿ, ದಕ್ಷಿಣದಲ್ಲಿದ್ದ ಕಲ್ಲಿನ ಕೋಟೆಯೂ ಬಿದ್ದಿತು. ಈಗ ಆ ಕಲ್ಲುಕೋಟೆಯ ಒಂದು ಭಾಗವೂ ದೆಹಲಿ ಬಾಗಿಲೂ ಉಳಿದಿವೆ. ಪೇಟೆಯ ಮಣ್ಣಿನ ಗೋಡೆಯಾದರೋ ಅಳಿದುಹೋಗಿದೆ. ಹಲಸೂರು ಬಾಗಿಲೂ ಇಲ್ಲ. ಆದರೂ ಜನರು ಆ ಸ್ಥಳವನ್ನು ಇಂದಿಗೂ ‘ಹಲಸೂರು ಗೇಟು’ ಎಂದೇ ಕರೆಯುವರು. ಕಲ್ಲುಮಣ್ಣು ಉಳಿಯದಿರುವೆಡೆಯಲ್ಲಿ ಮಾತು ಉಳಿದಿದೆ!

ಆದರೆ ಮಾತೂ ಸವೆಯುವುದುಂಟು. ದೊಡ್ಡಪೇಟೆಯು ಅವೆನ್ಯೂ ರಸ್ತೆಯಾಯಿತು; ಅರಳೆಪೇಟೆಯು ಕಾಟನ್‌ಪೇಟೆಯಾಯಿತು. ಎರಡನೆಯದರಲ್ಲಿ ಅರ್ಥವಾದರೂ ಉಳಿಯಿತು. ಮೊದಲನೆಯದರಲ್ಲಿ ಅದೂ ಹೋಯಿತು. ಹೀಗಿದ್ದರೂ ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗವು ಹಳೆಯ ಬೀದಿಗಳನ್ನು ಮರೆತಿಲ್ಲ. ಅದು ಅರಳೆಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ, ಅಲ್ಲಿ ನಿಂತು ಗೌರವವನ್ನು ಸಲ್ಲಿಸಿ ಮುಂದುವರಿಯುವುದು. ನೆರೆಹೊರೆಯವರ ಬಾಳುವೆಗೆ ಇದಕ್ಕಿಂತ ಹಳೆಯ ದಾಖಲೆ ಬೇಕೆ?

ಗುಡಿಗೋಪುರಗಳನ್ನು ಕಾಯುವ ಭಾರವನ್ನು ಸರಕಾರಕ್ಕೆ ಬಿಡಬಹುದು. ಹೆಸರನ್ನು ಕಾಯುವ ಕೆಲಸವು ಗೃಹಸ್ಥರದು. ಸಾಮಾನಿನ ಪಟ್ಟಿಯನ್ನು ಬರೆಯುವಾಗ, ಗಾಡಿಯವನಿಗೆ ದಾರಿ ಹೇಳುವಾಗ, ಹಳೆಯ ಹೆಸರನ್ನೇ ಬಳಸೋಣ. ಮಕ್ಕಳು ಕೇಳಿದರೆ ಬೇಸರಿಸದೆ ಅದರ ಕಥೆಯನ್ನು ಹೇಳೋಣ. ನಮ್ಮ ಬಾಲಕನಿಗೆ ಆ ದಿನ ಬಳೆಗಾರರ ಬೀದಿಯ ಕಥೆ ತಿಳಿಯಿತು. ಮನೆಗೆ ಬಂದೊಡನೆ ಅವನು ಅದನ್ನು ತನ್ನ ತಂಗಿಗೆ ಹೇಳಿದನು. ನಮಗೆ ಅಷ್ಟೇ ಸಾಕೆನಿಸಿತು.