ಕೋಲು ನಮ್ಮದು, ಕೀಲಿಕೈ ಅವರದ್ದು!

ಗಿಂಬಲ್ ಅಂದ್ರೆ ಮೊಬೈಲ್ ಸಿಕ್ಕಿಸಿಕೊಂಡು ವಿಡಿಯೋ ತೆಗೆಯೋ ಕೋಲು. ಒಳಗೆ ಮೂರು ಪುಟ್ಟ ಮೋಟಾರು, ಜೊತೆಗೆ ಗೈರೋಸ್ಕೋಪು. ಕೈ ಎಡಕ್ಕೆ ವಾಲಿದರೆ ಮೋಟಾರು ಫೋನನ್ನು ಬಲಕ್ಕೆ ತಿರುಗಿಸಿ ಸರಿಮಾಡುತ್ತೆ. ಮೇಲುಕೋಟೆಯ ಯೋಗನರಸಿಂಹನ ಬೆಟ್ಟದ ಮೆಟ್ಟಿಲು ಹತ್ತುತ್ತಾ ಏದುಸಿರು ಬಿಟ್ಟುಕೊಂಡು ತೆಗೆದ ವಿಡಿಯೋ ಕೂಡ ನೋಡುವಂತಿರುತ್ತೆ. ಈ ಲೆಕ್ಕಾಚಾರ ನಡೆಯೋದೆಲ್ಲ ಕೋಲಿನೊಳಗಿನ ಚಿಪ್ಪಿನಲ್ಲಿ. ಫೋನಿನಲ್ಲಿರೋ ಆಪ್‌ಗೂ ಇದಕ್ಕೂ ಸಂಬಂಧವಿಲ್ಲ. ಇದನ್ನ ನೆನಪಿಟ್ಕೊಳ್ಳಿ, ನನ್ನ ಜಗಳ ಇರೋದೇ ಇಲ್ಲಿ.

ಸಂಬಂಧ ಇಲ್ಲದ ಮೇಲೂ ಕೆಲವು ಕೋಲುಗಳು ಮೊದಲ ದಿನ ಕಂಪನಿಯ ಆಪ್ ಇಲ್ಲದೆ ಕೆಲಸವನ್ನೇ ಶುರು ಮಾಡಲ್ಲ. ಆಪ್ ಇಳಿಸಿ, 'ಆಕ್ಟಿವೇಟ್' ಮಾಡಿ, ಫರ್ಮ್‌ವೇರ್ ಹಾಕಿ, ಆಮೇಲೆ ನಮ್ಮ ದುಡ್ಡಿನ ಕೋಲು ನಮಗೆ ತಲೆ ಬಾಗುತ್ತೆ. ಇನ್ನು ಡಿಜೆಐ ಕಂಪನಿಯ ಮಿಮೋ ಆಪ್ ಹಲವು ವರ್ಷಗಳಿಂದ ಗೂಗಲ್ ಪ್ಲೇನಲ್ಲೇ ಸಿಗ್ತಿಲ್ಲ. ಆಂಡ್ರಾಯ್ಡ್ ಬಳಸೋರು ಕಂಪನಿಯ ಸೈಟಿನಿಂದ ಎಪಿಕೆ ಇಳಿಸಿಕೊಂಡು, ಫೋನು ಕೊಡೋ ಎಚ್ಚರಿಕೆಗೆಲ್ಲ "ಹೂಂ ಹೂಂ" ಅಂತ ಒತ್ತಬೇಕು. ಗೊತ್ತಿಲ್ಲದ ಎಪಿಕೆ ಹಾಕ್ಬೇಡಿ ಅಂತ ಅಪ್ಪ ಅಮ್ಮನಿಗೆ ದಿನಾ ಬುದ್ಧಿ ಹೇಳೋರು ನಾವೇ :-)

ಸರಿ, ಆಕ್ಟಿವೇಟ್ ಆಯ್ತು. ಮುಂದೆ? ಮುಖ ಹಿಂಬಾಲಿಸುವುದು, ಚಲಿಸುತ್ತಾ ಟೈಮ್‌ಲ್ಯಾಪ್ಸ್ ತೆಗೆಯುವುದು, ಇಂಥ ಜಾಣತನಗಳೆಲ್ಲ ಸಾಮಾನ್ಯವಾಗಿ ಕಂಪನಿಯ ಆಪ್ ಒಳಗೆ ಮಾತ್ರ. ಫೋನಿನದೇ ಕ್ಯಾಮೆರಾ ತೆರೆದರೆ ಕೋಲು ನೆಟ್ಟಗೆ ನಿಲ್ಲುತ್ತೆ ಅಷ್ಟೇ. ಬ್ಲೂಟೂತ್‌ನಲ್ಲಿ ಶಟರ್ ಗುಂಡಿ ಕೆಲಸ ಮಾಡಿದರೆ ನಿಮ್ಮ ಪುಣ್ಯ. ಆದರೆ ಫೋನಿನ ಕ್ಯಾಮೆರಾದ ನಿಜವಾದ ಶಕ್ತಿ ಇರೋದು ಅದರ ಸ್ವಂತ ಆಪ್‌ನಲ್ಲಿ. ಆಂಡ್ರಾಯ್ಡ್‌ಗೆ 2014ರಲ್ಲೇ ಕ್ಯಾಮೆರಾ2 ಎಪಿಐ ಬಂತು. ಆದರೂ ಎಷ್ಟೋ ಫೋನುಗಳಲ್ಲಿ ಎಲ್ಲ ಲೆನ್ಸು, ಎಲ್ಲ ಫ್ರೇಮ್ ರೇಟು, ರಾತ್ರಿ ಬೆಳಕಿನ ಸಂಸ್ಕರಣೆ ಹೊರಗಿನ ಆಪ್‌ಗಳಿಗೆ ಸಿಗಲ್ಲ. ಅಂದ್ರೆ ಫೋನು ತಯಾರಿಸಿದವನದೊಂದು ಬೇಲಿ, ಕೋಲು ತಯಾರಿಸಿದವನದೊಂದು ಬೇಲಿ. ಮಧ್ಯದಲ್ಲಿ ನಾವು.

ಇದು ಪಟ್ಟಣದ ಶೋಕಿಯವರ ಗೋಳು ಅಂದ್ಕೋಬೇಡಿ. ಮೇಲುಕೋಟೆ ಕಡೆ ಮದುವೆ ವಿಡಿಯೋ ತೆಗೆಯುವ ಗೆಳೆಯನೊಬ್ಬನಿದ್ದಾನೆ. ಮದುವೆಗೆ ಮುಂಚಿನ ಜೋಡಿಗಳನ್ನ ರಾಯಗೋಪುರದ ಕಂಬಗಳ ನಡುವೆ, ಕಲ್ಯಾಣಿಯ ಮೆಟ್ಟಿಲ ಮೇಲೆ ನಡೆಸೋದು ಅವನ ಅನ್ನ. ಅವನ ಕೋಲು ಗಟ್ಟಿಮುಟ್ಟಾಗಿದೆ, ಮೋಟಾರು ಬೆಣ್ಣೆಯಂತೆ ತಿರುಗುತ್ತೆ. ಫೋನು ಬದಲಾಯಿಸಿದ. ಹೊಸ ಫೋನಿನಲ್ಲಿ ಹಳೇ ಆಪ್ ಏಳಲ್ಲ, ಹೊಸ ಆಪ್‌ಗೆ ಹಳೇ ಕೋಲು ಗೊತ್ತಿಲ್ಲ. "ಹೊಸ ಮಾಡೆಲ್ ತಗೊಳ್ಳಿ" ಅಂತ ಉತ್ತರ ಬಂತು. ಕೆಟ್ಟಿದ್ದು ಏನು ಸ್ವಾಮಿ? ಒಂದು ಸ್ಕ್ರೂ ಕೂಡ ಕೆಟ್ಟಿಲ್ಲ!

ವೈರಮುಡಿ ರಾತ್ರಿ ಇನ್ನೂ ಚೆಂದ. ಕಿರೀಟಕ್ಕೆ ಹಗಲ ಬೆಳಕು ಸೋಕಬಾರದು ಅನ್ನೋ ಸಂಪ್ರದಾಯ, ಹಾಗಾಗಿ ಉತ್ಸವ ರಾತ್ರಿಯೇ. ಫೋನಿಗೆ ತನ್ನೆಲ್ಲ ಶಕ್ತಿ ಬೇಕಾಗೋ ಹೊತ್ತು. ಚೆಲುವನಾರಾಯಣನನ್ನ ಕೋಲು ಹಿಂಬಾಲಿಸಬೇಕೆಂದರೆ ಕಂಪನಿಯ ಆಪ್ ತೆರೀಬೇಕು, ಚಿತ್ರ ಚೆನ್ನಾಗಿ ಬರಬೇಕೆಂದರೆ ಫೋನಿನ ಆಪ್ ತೆರೀಬೇಕು. ಎರಡರಲ್ಲೊಂದು ಆರಿಸ್ಕೊಳ್ಳಿ. ಆಪ್ ಏನಾದ್ರೂ ಆಗ ಲಾಗಿನ್ ಕೇಳಿದರೆ, ಆ ಜನಜಂಗುಳಿಯಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಎಲ್ಲಿಗೆ ಹೋಗೋಣ?

"ಟ್ರ್ಯಾಕಿಂಗ್‌ಗೆ ಕ್ಯಾಮೆರಾದ ಚಿತ್ರ ಬೇಕು, ಅದಕ್ಕೇ ಸ್ವಂತ ಆಪ್" ಅನ್ನೋದು ಕಂಪನಿಗಳ ವಾದ. ಅರ್ಧ ನಿಜ. ಚಿತ್ರ ಬೇಕು, ಸ್ವಂತ ಆಪ್ ಬೇಕಿಲ್ಲ. ಆಪಲ್ 2023ರಲ್ಲಿ ಐಒಎಸ್ 17ರ ಜೊತೆ ಡಾಕ್‌ಕಿಟ್ ತಂತು. ಮುಖ ಗುರುತಿಸೋ ಕೆಲಸ ಆಪರೇಟಿಂಗ್ ಸಿಸ್ಟಮ್‌ನದು, ತಿರುಗೋ ಕೆಲಸ ಕೋಲಿನದು, ಮೇಲೆ ಯಾವ ಕ್ಯಾಮೆರಾ ಆಪ್ ಇದ್ದರೂ ನಡೆಯುತ್ತೆ. 2024ರಲ್ಲಿ ಇನ್‌ಸ್ಟಾ360 ಫ್ಲೋ ಪ್ರೋ ಅದನ್ನು ಬಳಸಿತು. ಆದರೆ ಅದು ಐಫೋನಿಗೆ ಮಾತ್ರ. 2025ರಲ್ಲಿ ಬಂದ ಓಸ್ಮೋ ಮೊಬೈಲ್ 7ಪಿ ಇನ್ನೊಂದು ದಾರಿ ಹಿಡಿಯಿತು. ಕೋಲಿಗೇ ಪ್ರತ್ಯೇಕ ಕಣ್ಣಿರುವ ಒಂದು ಮಾಡ್ಯೂಲ್ ಸಿಕ್ಕಿಸಿತು. ಫೋನಿನಲ್ಲಿ ಅಷ್ಟೊಂದು ಕಣ್ಣುಗಳಿದ್ದೂ ಬೇಲಿ ದಾಟೋಕೆ ಇನ್ನೊಂದು ಕಣ್ಣು!

ನಾವು ಕನ್ನಡ ಬ್ಲಾಗಿನವರು ಈ ರೋಗವನ್ನ ಮೊದಲೇ ಕಂಡವರು. ಶ್ರೀಲಿಪಿಯಲ್ಲಿ ಕುಟ್ಟಿದ್ದನ್ನ ನುಡಿ ಫಾಂಟಿನಲ್ಲಿ ತೆರೆದರೆ ಏನು ಕಾಣ್ತಿತ್ತು? ಕಸ. ಬರೆದವರು ನಾವು, ಅಕ್ಷರದ ಕೀಲಿ ಮಾತ್ರ ತಂತ್ರಾಂಶದವರ ಕೈಲಿ. ಯುನಿಕೋಡ್ ಬಂದ ಮೇಲೆ ತಾನೇ ಈ ಬ್ಲಾಗುಗಳು ಹುಟ್ಟಿದ್ದು? ಬ್ಲೂಟೂತ್ ಕೀಬೋರ್ಡು ಯಾವ ಕಂಪನಿಯದಾದರೂ ಯಾವ ಫೋನಿಗಾದರೂ ಹೊಂದುತ್ತೆ. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಒಂದೇ ಯುಎಸ್‌ಬಿ-ಸಿ ಕಿಂಡಿ ಕಡ್ಡಾಯವಾಯ್ತು. ಕಂಪನಿಗಳೇನೂ ಮುಳುಗಿ ಹೋಗಲಿಲ್ಲ. "ಎಡಕ್ಕೆ ತಿರುಗು, ಬಲಕ್ಕೆ ತಿರುಗು" ಅನ್ನೋ ಎರಡು ಮಾತಿಗೆ ಒಂದು ಬಹಿರಂಗ ಪ್ರೋಟೋಕಾಲ್ ಬರೆಯೋದು ಬ್ರಹ್ಮವಿದ್ಯೆಯಲ್ಲ, ಹೊಟ್ಟೆಪಾಡಿಗೆ ಕೋಡ್ ಬರೆಯೋನಾಗಿ ಹೇಳ್ತಿದೀನಿ. ಬರೆದರೆ ಹೊಸ ಮಾಡೆಲ್ ಮಾರೋದು ಕಷ್ಟ, ಅಷ್ಟೇ.

ಹಾಗಾಗಿ ಗ್ಯಾಜೆಟ್ ಬಗ್ಗೆ ಬರೆಯೋ ಗೆಳೆಯರಲ್ಲಿ ಒಂದು ವಿನಂತಿ. ಬ್ಯಾಟರಿ ಎಷ್ಟು ಗಂಟೆ, ತೂಕ ಎಷ್ಟು ಗ್ರಾಮ್ ಅಂತ ಬರೆದು ನಿಲ್ಲಿಸಬೇಡಿ. ಆಪ್ ಇಲ್ಲದೆ ಕೋಲು ಏಳುತ್ತಾ? ಫೋನಿನ ಸ್ವಂತ ಕ್ಯಾಮೆರಾದಲ್ಲಿ ಶಟರ್, ಟ್ರ್ಯಾಕಿಂಗ್ ನಡೆಯುತ್ತಾ? ಆಂಡ್ರಾಯ್ಡ್‌ನಲ್ಲೂ ನಡೆಯುತ್ತಾ? ಆಪ್ ನಿಂತುಹೋದ ಮೇಲೆ ಕೈಯಲ್ಲಿ ಏನು ಉಳಿಯುತ್ತೆ? ಈ ನಾಲ್ಕು ಪ್ರಶ್ನೆಗೆ ಉತ್ತರ ಕೊಡದ ಯಾವ ಕೋಲಿಗೂ ಐದು ನಕ್ಷತ್ರ ಕೊಡಬೇಡಿ.

ನಿಮ್ಮ ಕೋಲು ಈ ಪರೀಕ್ಷೆಯಲ್ಲಿ ಪಾಸೋ ಫೇಲೋ? ಮಾಡೆಲ್ ಹೆಸರಿನ ಸಮೇತ ಕಾಮೆಂಟಿಸಿ.